ನಿಂತು ಆಟ ನೋಡುತ್ತಿದ್ದವರು

ಇದನ್ನು ಬರೆಯಬೇಕೆಂದು ಹೊರಟು ಕೈಬಿಟ್ಟದ್ದು ಒಂದೆರಡು ಸಲವಲ್ಲ. ಮೊದಲು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಎಂದುಕೊಂಡೆ. ತೆಗೆಸಿದ್ದಾಯಿತು. ಮೊಮ್ಮಗಳ ಮದುವೆ ಮುಗಿಯಲಿ ಎಂದೆ. ಮುಗಿಯಿತು. ಆಮೇಲೆ ಮನೆಯಲ್ಲಿ ಒಂದು ಒಳ್ಳೆಯ ಪೆನ್ನಿಲ್ಲ ಎಂದೆ. ನನ್ನ ಹೆಂಡತಿ ಅಂಗಡಿಗೆ ಹೋಗಿ ಎರಡು ಪೆನ್ನು ತಂದು ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಯಾರ ಬಗ್ಗೆ ಬರೆಯಬೇಕಿತ್ತೋ ಅವರೇ ತೀರಿಕೊಂಡರು. ಹೋದವರ ಬಗ್ಗೆ ಬರೆಯುವುದರಲ್ಲಿ ಒಂದು ಅನುಕೂಲವಿದೆ. ಅವರು ನಡುವೆ ಬಾಯಿ ಹಾಕಿ "ಹಂಗಲ್ಲ ರೈಟ್ರೇ" ಅನ್ನುವುದಿಲ್ಲ. ಬದುಕಿದ್ದಾಗ ಅವರು ಈ ಮಾತನ್ನು ನನಗೆ ಬಹಳ ಸಲ ಅಂದಿದ್ದರು, ಅದೂ ಜನ ತುಂಬಿದ ಮೈದಾನದಲ್ಲಿ.

ನಾನು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ರೈಟರ್ ಆಗಿದ್ದವನು. ಬಂದ ಶೇಂಗಾ ತೂಗಿಸುವುದು, ಚೀಟಿ ಬರೆಯುವುದು, ಹಮಾಲರ ಮೇಲೆ ಕೂಗಾಡುವುದು ನನ್ನ ಕೆಲಸ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಭಾನುವಾರ ಮಧ್ಯಾಹ್ನ ಫುಟ್‌ಬಾಲ್ ಮೈದಾನದಲ್ಲಿ ಮೈಕು ಹಿಡಿದೆನೆಂದರೆ ನನಗೆ ಸಮಾನರಿಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಸುಗ್ಗಿ ಮುಗಿದ ಮೇಲೆ ನಮ್ಮಲ್ಲಿ ನಾಲ್ಕು ತಂಡಗಳ ಆಟ ನಡೆಯುತ್ತಿತ್ತು. ಮಿಲ್ಲಿನ ಹುಡುಗರದೊಂದು, ದೇವಸಮುದ್ರದ್ದೊಂದು, ಮೊಳಕಾಲ್ಮುರಿನದೊಂದು. ಕುದಾಪುರದ ಕಡೆ ವಿಜ್ಞಾನ ಸಂಸ್ಥೆಗಳ ದೊಡ್ಡ ಕ್ಯಾಂಪಸ್ಸುಗಳು ಬಂದ ಮೇಲೆ ಅಲ್ಲಿ ಕೆಲಸಕ್ಕಿದ್ದವರದೂ ಒಂದು. ಆ ತಂಡದವರು ಮಾತ್ರ ಎಲ್ಲರೂ ಒಂದೇ ಬಣ್ಣದ ಕಾಲುಚೀಲ ಹಾಕಿಕೊಂಡು ಬಂದು ಅಚ್ಚುಕಟ್ಟಾಗಿ ಸೋತು ಹೋಗುತ್ತಿದ್ದರು.

ಮೈದಾನದ ಒಂದು ಬದಿಗೆ ಕಲ್ಲಿನ ಐದು ಮೆಟ್ಟಿಲುಗಳಿದ್ದವು. ಅದನ್ನೇ ನಾವು ಗ್ಯಾಲರಿ ಎನ್ನುತ್ತಿದ್ದೆವು. ಅದರ ಎಡತುದಿಯಲ್ಲಿ, ಮೇಲಿನ ಮೆಟ್ಟಿಲ ಹಿಂದೆ ಒಂದು ಬೇವಿನ ಮರ. ಮರದ ಕೆಳಗೆ ನನ್ನ ಮೇಜು, ಮೈಕು, ಕುಡಿಯುವ ನೀರಿನ ಕೊಡ. ಆ ಮೇಜಿನ ನೇರ ಮುಂದೆ, ನಾಲ್ಕನೆಯ ಮೆಟ್ಟಿಲಲ್ಲಿ, ಪ್ರತಿ ಭಾನುವಾರ ಒಂದು ಬೆನ್ನು ನಿಂತಿರುತ್ತಿತ್ತು.

ಅವರ ಮುಖಕ್ಕಿಂತ ಆ ಬೆನ್ನೇ ನನಗೆ ಹೆಚ್ಚು ಪರಿಚಯ. ಸಣಕಲು ಬೆನ್ನು, ಬಿಳಿ ಅಂಗಿ, ಹಿಂದಕ್ಕೆ ಕಟ್ಟಿದ ಕೈಗಳು, ಎಡ ಹೆಗಲ ಮೇಲೆ ಟವೆಲ್ಲು. ಅಂಗಿಗೆ ಎಲ್ಲಾದರೂ ಒಂದೆಳೆ ರೇಷ್ಮೆ ಅಂಟಿಕೊಂಡಿರುತ್ತಿತ್ತು. ಒಂದು ಭಾನುವಾರ ಕುಂಕುಮದ ಬಣ್ಣ, ಇನ್ನೊಂದು ಭಾನುವಾರ ಗಿಣಿಹಸಿರು. ಆ ವಾರ ಮೊಳಕಾಲ್ಮುರಿನಲ್ಲಿ ಅವರ ಮಗ್ಗದ ಮೇಲೆ ಯಾವ ಬಣ್ಣದ ಸೀರೆ ಇದೆ ಎನ್ನುವುದು ಚಳ್ಳಕೆರೆಯಲ್ಲಿ ಕೂತ ನನಗೆ ಗೊತ್ತಾಗುತ್ತಿತ್ತು. ಮೈದಾನದಲ್ಲಿ ಚೆಂಡು ಎಲ್ಲಿದೆ ಎನ್ನುವುದು ಮಾತ್ರ ಗೊತ್ತಾಗುತ್ತಿರಲಿಲ್ಲ, ಆ ಬೆನ್ನು ಅಡ್ಡವಿತ್ತು.

ಅವರು ನೇಕಾರರು. ಮೊಳಕಾಲ್ಮುರಿನ ರೇಷ್ಮೆ ಸೀರೆ ನೋಡಿದವರೆಲ್ಲ ಅಲ್ಲಿಯ ಮಗ್ಗ ನೋಡಿರುವುದಿಲ್ಲ. ಮನೆಯೊಳಗೆ ನೆಲದಲ್ಲಿ ಒಂದು ಗುಣಿ. ನೇಯುವವರು ಗುಣಿಯ ಅಂಚಿನ ಮೇಲೆ ಕೂತು ಕಾಲನ್ನು ಒಳಕ್ಕೆ ಇಳಿಬಿಟ್ಟು ಮಗ್ಗ ತುಳಿಯಬೇಕು. ಬೆಳಿಗ್ಗೆ ಇಳಿಬಿಟ್ಟ ಕಾಲನ್ನು ಊಟಕ್ಕೊಮ್ಮೆ ಮೇಲೆತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೂರ್ರಿ ಎಂದು ನಾನು ಮೊದಲ ಸಲ ಅಂದಾಗ ಅವರು ಹಿಂದಿರುಗಿ ನೋಡದೆ ಹೇಳಿದ್ದು ಇಷ್ಟು.

"ಆರು ದಿನ ನನ್ ಕಾಲು ಗುಣ್ಯಾಗಿರ್ತಾವೆ ರೈಟ್ರೇ. ಏಳನೇ ದಿನ ಮ್ಯಾಲೆ ಬಂದಾವೆ. ನಿಂತ್ಕಳಾಕೆ ಬಿಡ್ರಿ."

ಬಸ್ಸಿನಲ್ಲಿಯೂ ಅವರು ಕೂರುತ್ತಿರಲಿಲ್ಲ. ಒಮ್ಮೆ ಅದೇ ಬಸ್ಸಿನಲ್ಲಿ ನಾನೂ ಇದ್ದೆ. ಬಿ.ಜಿ. ಕೆರೆಯಲ್ಲಿ ಅರ್ಧ ಬಸ್ಸು ಖಾಲಿಯಾಯಿತು. ಇವರು ಕಂಬಿ ಹಿಡಿದು ನಿಂತೇ ಇದ್ದರು. ಕಂಡಕ್ಟರ್ ಎರಡು ಸಲ ಹೇಳಿ ನೋಡಿದ, ಮೂರನೆಯ ಸಲ ಸಿಟ್ಟಾದ. ಅವರು ತಣ್ಣಗೆ, ತಾನು ಟಿಕೆಟ್ ತೆಗೆದುಕೊಂಡಿದ್ದು ಚಳ್ಳಕೆರೆಗೆ ಹೋಗುವುದಕ್ಕೆ, ಕೂರುವುದಕ್ಕಲ್ಲ ಎಂದರು. ಕಂಡಕ್ಟರ್ ಆಮೇಲೆ ಅವರ ತಂಟೆಗೆ ಹೋಗಲಿಲ್ಲ.

ನಿಂತಿರುತ್ತಿದ್ದರು ಎಂದರೆ ಕಂಬದಂತೆ ನಿಂತಿರುತ್ತಿದ್ದರು ಎಂದುಕೊಳ್ಳಬೇಡಿ. ಆಟಕ್ಕೆ ಕಾವು ಬಂದಂತೆಲ್ಲ ಅವರ ಬಲಗಾಲು ತಾನಾಗಿ ಕಲ್ಲನ್ನು ಒತ್ತತೊಡಗುತ್ತಿತ್ತು, ಮಗ್ಗ ತುಳಿದ ಹಾಗೆ. ಮೊಳಕಾಲ್ಮುರಿನವರು ಗೋಲಿನ ಹತ್ತಿರ ಹೋದರೆ ಎರಡೂ ಕಾಲು. ಹಿಂದೆ ಕೂತಿರುತ್ತಿದ್ದ ಹಮಾಲರು, ಎಷ್ಟು ಮೊಳ ಆಯ್ತು ಯಜಮಾನ್ರೇ ಎಂದು ಕೇಳುತ್ತಿದ್ದರು. ಆಟ ಮುಗಿಯಲು ಐದು ನಿಮಿಷ ಇದ್ದರೆ ಅವರ ಉತ್ತರ: "ಸೆರಗಿಗೆ ಬಂದೀನಿ ಕಣಪ್ಪ." ಗೋಲು ತಪ್ಪಿದರೆ ಮಾತ್ರ ಬಾಯಿಂದ ತೆಲುಗು ಬರುತ್ತಿತ್ತು. "ಪಾಯೆ, ಪಾಯೆ", ಹೋಯಿತು ಹೋಯಿತು ಎಂದು ತಲೆಯಾಡಿಸುತ್ತಿದ್ದರು. ನಮ್ಮ ಕಡೆ ಸಂಕಟ ತೆಲುಗಿನಲ್ಲಿ ಬರುವುದು ಹೊಸದೇನಲ್ಲ. ಚೆಂಡನ್ನು ಒಬ್ಬನೇ ಇಟ್ಟುಕೊಂಡು ಓಡುವ ಆಟಗಾರರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಲಾಳಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋದರೆ ತಾನೆ ಬಟ್ಟೆ, ಒಂದೇ ಕೈಯಲ್ಲಿ ಹಿಡಿದುಕೊಂಡು ಕೂತರೆ ಯಾರು ಉಡುತ್ತಾರೆ ಎನ್ನುತ್ತಿದ್ದರು.

ಆ ಹಮಾಲರ ಮೇಸ್ತ್ರಿ ಓಬಳೇಶ. ನಮ್ಮ ಮಿಲ್ಲಿನವನೇ. ವಾರವೆಲ್ಲ ಮೂಟೆ ಹೊತ್ತು ನಿಂತವರು ಅವರು, ಭಾನುವಾರ ಕೂರಬೇಕು. ಬಿಸಿಲಿಗೆ ಕಾದ ಕಲ್ಲು ಸುಡುತ್ತದೆಂದು ಖಾಲಿ ಗೋಣಿಚೀಲ ಮಡಿಸಿ ತರುತ್ತಿದ್ದರು. ಬೇವಿನ ನೆರಳಿಗಾಗಿ ಐದನೆಯ ಮೆಟ್ಟಿಲಲ್ಲಿ ಕೂತರೆ ಮುಂದೆ ನೇಕಾರರ ಸಾಲು. ಆ ಕಡೆಯಿಂದ ಹತ್ತು ಹನ್ನೆರಡು ಜನ ನೇಕಾರರು ಬರುತ್ತಿದ್ದರು, ಎಲ್ಲರೂ ನಿಲ್ಲುವವರೇ. ಕೂತು ಬೇಸರವಾಗಿದ್ದರೆ ಬಂದು ನಮ್ಮ ಮೂಟೆ ಹೊರ್ರಿ ಎಂದು ಓಬಳೇಶ, ನಿಂತು ಸಾಕಾಗಿದ್ದರೆ ಬಂದು ನನ್ನ ಗುಣಿಗೆ ಇಳಿ ಎಂದು ಇವರು. ಪ್ರತಿ ಭಾನುವಾರ ಇದೇ ಮಾತು, ಅದೇ ನಗು. ಅವರಿಬ್ಬರಿಗೆ ಅದು ಜಗಳವೇ ಆಗಿರಲಿಲ್ಲ. ಅದನ್ನು ಜಗಳ ಮಾಡಿದವನು ನಾನು.

ಕಾರಣ ಒಂದು ನಾಯಿ. ದೇವಸಮುದ್ರಕ್ಕೂ ಮಿಲ್ಲಿಗೂ ಆಟ ನಡೆದಿತ್ತು. ಎಂದಿನಂತೆ ಮುಂದೆ ಬೆನ್ನು, ನನಗೆ ಅರ್ಧ ಮೈದಾನ ಕಾಣುತ್ತಿಲ್ಲ. ಜನ ಒಮ್ಮೆಲೇ ಹೋ ಎಂದರು. ನಾನು ಮೈಕಿನಲ್ಲಿ ಗೋಲ್ ಎಂದು ಕೂಗಿದೆ. ಅಷ್ಟಕ್ಕೆ ಬಿಡಲಿಲ್ಲ. ಬಿಲ್ಲಿನಿಂದ ಬಿಟ್ಟ ಬಾಣದಂತೆ ಚೆಂಡು ಹೋಯಿತು, ಗೋಲಿ ಕಣ್ಣು ಮಿಟುಕಿಸುವುದರೊಳಗೆ ಬಲೆ ಸೇರಿತು ಎಂದೆಲ್ಲ ವರ್ಣಿಸಿದೆ. ಆ ಬೆನ್ನು ಅಲುಗಾಡದೆ ಹೇಳಿತು.

"ಗೋಲಲ್ಲ ರೈಟ್ರೇ. ನಾಯಿ ಬಂತು."

ಮೈಕು ಆ ಮಾತನ್ನೂ ಹಿಡಿದುಕೊಂಡು ಊರಿಗೆಲ್ಲ ಹೇಳಿತು. ಆಟಗಾರರು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತರು. ನಾಯಿ ಮೈದಾನದ ನಡುವೆ ನಿಂತು ನನ್ನ ಕಡೆಯೇ ನೋಡುತ್ತಿತ್ತು. ಮಾರನೆಯ ದಿನದಿಂದ ಮಿಲ್ಲಿನಲ್ಲಿ ನಾನು ತೂಕ ಕೂಗಿದರೆ ಸಾಕು, ಮೂಲೆಯಿಂದ ಯಾರಾದರೂ "ನಾಯಿ ಬಂತು" ಅನ್ನುವರು. ಒಂದು ತಿಂಗಳು ಇದು ನಡೆಯಿತು. ಮನೆಯಲ್ಲಿ ಹೆಂಡತಿಯೂ ಒಂದು ಸಲ ಅಂದಳು.

ಆಗ ನಾನು ಶಿಸ್ತಿನ ಮನುಷ್ಯನಾದೆ. ಮುಂದಿನ ಭಾನುವಾರ ಮೈಕಿನಲ್ಲಿ, ಸಭ್ಯ ಪ್ರೇಕ್ಷಕರು ಕೂತು ನೋಡಬೇಕು, ನಿಲ್ಲುವವರು ಹೊರಗೆ ಹೋಗಬೇಕು ಎಂದು ಹೇಳಿದೆ. ಯಾರೂ ಅಲುಗಲಿಲ್ಲ. ಅದರ ಮುಂದಿನ ವಾರವೂ ಹೇಳಿದೆ. ಆಗ ಅವರು ಮೇಜಿನ ಹತ್ತಿರ ಬಂದರು. ಸಿಟ್ಟು ಇರಲಿಲ್ಲ. ಸೀರೆಯ ಅಂಚಿಗೆ ಯಾವ ಬಣ್ಣ ಎಂದು ಕೇಳುವ ಧ್ವನಿಯಲ್ಲಿ ಹೇಳಿದರು.

"ಒಂದು ಸುಣ್ಣದ ಗೆರೆ ಎಳೀರಿ ರೈಟ್ರೇ. ಎಡಕ್ಕೆ ನಿಲ್ಲೋರು, ಬಲಕ್ಕೆ ಕೂರೋರು. ಯಾರಿಗೆ ಯಾವ್ದು ಹಿತವೋ ಅಲ್ಲಿಗೋಗ್ಲಿ. ಒಬ್ರಿಗೊಬ್ರು ಅಡ್ಡ ಬರಾದಿಲ್ಲ."

ಓಬಳೇಶ ಕೇಳಿಸಿಕೊಂಡು, ಇದು ಸರಿ ಐತೆ ಎಂದ. ನೆರಳು ಎಡಕ್ಕೆ, ನಿಲ್ಲುವವರ ಪಾಲಿಗೆ ಹೋಗುತ್ತದಲ್ಲ ಎಂದು ನಾನು ಕೆಣಕಿದೆ. ಗೋಣಿಚೀಲ ತಲೆ ಮೇಲೆ ಹಾಕ್ಕಂತೀವಿ ಎಂದುಬಿಟ್ಟ. ಇಡೀ ಮೈದಾನದಲ್ಲಿ ಆ ಗೆರೆಯಿಂದ ತೊಂದರೆಯಾಗುವುದು ಒಬ್ಬನಿಗೆ ಮಾತ್ರ. ನನ್ನ ಮೇಜು ಎಡತುದಿಯಲ್ಲಿತ್ತು. ಇನ್ನು ಮುಂದೆ ಒಂದು ಬೆನ್ನಿನ ಬದಲು ಹನ್ನೆರಡು ಬೆನ್ನು ನನ್ನ ಮುಂದಿರುತ್ತವೆ. ಮೇಜನ್ನು ಇಪ್ಪತ್ತು ಹೆಜ್ಜೆ ಬಲಕ್ಕೆ ಸರಿಸಿದ್ದರೆ ಮುಗಿಯುತ್ತಿತ್ತು, ಇಬ್ಬರು ಹಿಡಿದರೆ ಎತ್ತುವಂಥ ಮೇಜು. ಆದರೆ ಬೇವಿನ ನೆರಳು ಬಿಡಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅವರ ಮಾತಿಗೆ ನಾನು ಸರಿಯಬೇಕಿತ್ತು.

ಇಬ್ಬರು ಮೂವರು ತೀರ್ಮಾನ ಮಾಡುವ ವಿಷಯವಲ್ಲ, ಎಲ್ಲ ಪ್ರೇಕ್ಷಕರೂ ಓಟು ಹಾಕಲಿ ಎಂದು ನಾನು ಮೈಕಿನಲ್ಲಿ ಘೋಷಿಸಿದೆ. ಅವರು ಹಿಗ್ಗಿಹೋದರು. ನಿಮ್ಮ ಬುದ್ಧಿ ದೊಡ್ಡದು ಎಂದು ನನಗೆ ಕೈಮುಗಿದರು. ಆ ಕೈಮುಗಿದದ್ದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮುಂದಿನ ಭಾನುವಾರ ಎರಡು ಎಣ್ಣೆ ಡಬ್ಬ ತಂದೆವು. ಮುಚ್ಚಳದಲ್ಲಿ ತೂತು ಕೊರೆದು, ಒಂದರ ಮೇಲೆ "ಗೆರೆ ಬೇಕು", ಇನ್ನೊಂದರ ಮೇಲೆ "ಎಲ್ಲರೂ ಕೂರಬೇಕು" ಎಂದು ಬರೆದೆ. ಚೀಟಿ ಹರಿಯುವುದು ಯಾರು? ಓಬಳೇಶ ಅರ್ಧ ಚೀಲ ಶೇಂಗಾ ತಂದ. ಬಂದವರಿಗೆ ತಲಾ ಒಂದು ಕಾಯಿ, ಬೇಕಾದ ಡಬ್ಬಕ್ಕೆ ಹಾಕುವುದು. ಚಳ್ಳಕೆರೆಯವರ ಕೈಗೆ ಶೇಂಗಾ ಕೊಟ್ಟರೆ ಏನಾಗುತ್ತದೆ ಎಂದು ನಾವು ಮೊದಲೇ ಯೋಚಿಸಬೇಕಿತ್ತು. ಸುಮಾರು ಜನ ಡಬ್ಬದವರೆಗೆ ಬರುವುದರೊಳಗೆ ತಮ್ಮ ಓಟನ್ನು ಸುಲಿದು ತಿಂದುಬಿಟ್ಟಿದ್ದರು, ಇನ್ನೊಂದು ಕೊಡ್ರಿ ಎಂದು ಕೈಚಾಚಿದರು. ಒಬ್ಬ ಮುದುಕ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನನ್ನ ಓಟು ಪೊಳ್ಳು, ಬದಲಾಯಿಸು ಎಂದ. ಒಂದೇ ಕಾಳಿನ ಕಾಯಿ ಸಿಕ್ಕಿದವನೊಬ್ಬ, ನನ್ನದು ಅರ್ಧ ಓಟೋ ಪೂರ್ತಿ ಓಟೋ ಎಂದು ಓಬಳೇಶನ ಜೊತೆ ವಾದಕ್ಕೆ ನಿಂತ. ಅವರು ಮಾತ್ರ ಎರಡು ಬೆರಳಲ್ಲಿ ಹೂವಿನ ಹಾಗೆ ಹಿಡಿದುಕೊಂಡು ಬಂದು, ಡಬ್ಬಕ್ಕೆ ಹಾಕಿ, ಕಿವಿಗೊಟ್ಟು ಅದು ಬಿದ್ದ ಸದ್ದು ಕೇಳಿ ಹೋದರು.

ಆಟ ಮುಗಿದ ಮೇಲೆ ಎಣಿಸಬೇಕಿತ್ತು. ಎಣಿಸುವುದೇನು, ತೂಗೋಣ ಎಂದೆ ನಾನು. ಒಬ್ಬರೂ ಬೇಡವೆನ್ನಲಿಲ್ಲ. ಬೇರೆ ಊರಾಗಿದ್ದರೆ ಯಾರಾದರೂ ನಕ್ಕು, ಓಟನ್ನು ತೂಗುತ್ತಾರೇನಯ್ಯಾ ಅನ್ನುತ್ತಿದ್ದರು. ಚಳ್ಳಕೆರೆಯಲ್ಲಿ ಶೇಂಗಾ ಎಣಿಸಿದವರನ್ನು ಯಾರೂ ನೋಡಿರಲಿಲ್ಲ. ನಮಗೆ ತೂಕವೇ ಲೆಕ್ಕ. ಅವರಂತೂ ಎಲ್ಲರಿಗಿಂತ ಮೊದಲು ಒಪ್ಪಿದರು. ಅವರ ಕಸುಬೂ ಹಾಗೆಯೇ. ಸಾಹುಕಾರರು ನೂಲನ್ನು ತೂಗಿ ಕೊಡುತ್ತಾರೆ, ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಾರೆ. "ತಕ್ಕಡಿಗೆ ಅಣ್ಣ ತಮ್ಮ ಇಲ್ಲ" ಎಂದರು.

ಇನ್ನು ಹೇಳಬೇಕಾದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ಡಬ್ಬಗಳೆರಡೂ ನನ್ನ ಮೇಜಿನ ಕೆಳಗಿದ್ದವು. ಎರಡನೆಯ ಅರ್ಧದ ಆಟ ಜೋರಾಗಿತ್ತು, ಎಲ್ಲರ ಕಣ್ಣೂ ಮೈದಾನದಲ್ಲಿ. ನಾನು ಒಂದು ಕೈಯಲ್ಲಿ ಮೈಕು ಹಿಡಿದುಕೊಂಡು ಮಾತಾಡುತ್ತಲೇ ಇನ್ನೊಂದು ಕೈಯಲ್ಲಿ ಕೊಡದಿಂದ ಒಂದು ಚೊಂಬು ನೀರು ತೆಗೆದು "ಎಲ್ಲರೂ ಕೂರಬೇಕು" ಡಬ್ಬದ ತೂತಿನಲ್ಲಿ ಸುರಿದೆ. ನೆನೆದ ಶೇಂಗಾ ಎಷ್ಟು ತೂಗುತ್ತದೆ ಎನ್ನುವುದು ನನಗೆ ಗೊತ್ತಿರುವಷ್ಟು ಆ ಮೈದಾನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಿಲ್ಲಿಗೆ ಅಂಥ ಮಾಲು ತಂದ ರೈತರನ್ನು ಮೂವತ್ತು ವರ್ಷ ಬೈದು ಕಳಿಸಿದವನು ನಾನು.

ಮಿಲ್ಲಿನಿಂದ ತಂದ ತಕ್ಕಡಿಯನ್ನು ಬೇವಿನ ಕೊಂಬೆಗೆ ಕಟ್ಟಿದೆವು. ಆ ತಟ್ಟೆಗೊಂದು ಡಬ್ಬ, ಈ ತಟ್ಟೆಗೊಂದು ಡಬ್ಬ. ಮುಚ್ಚಳ ತೆಗೆಯಲಿಲ್ಲ, ಎರಡೂ ಒಂದೇ ಅಳತೆಯ ಡಬ್ಬ ಎಂದು ನಾನೇ ಎಲ್ಲರಿಗೂ ಕೇಳುವಂತೆ ಹೇಳಿದೆ. ನನ್ನ ಡಬ್ಬ ನಿಧಾನವಾಗಿ ಕೆಳಕ್ಕೆ ಇಳಿಯಿತು. ಡಬ್ಬಾನೂ ಕೂತ್ಕಂತಲ್ಲಪ್ಪ ಎಂದು ಯಾರೋ ಅಂದರು, ಜನ ನಕ್ಕರು. ಅವರು ತಕ್ಕಡಿಯ ಮುಳ್ಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಅಂದರು, "ಆಯ್ತಲ್ಲ. ಜನ ಹೇಳಿದ್ ಮ್ಯಾಲೆ ಇನ್ನೇನೈತೆ."

ಅಂದಿನ ಆಟ ಮುಗಿದಿತ್ತು. ಆದರೂ ಅವರು ನಾಲ್ಕನೆಯ ಮೆಟ್ಟಿಲಿಗೆ ಹೋಗಿ ಟವೆಲ್ಲು ಹಾಸಿ ಒಂದು ಸಲ ಕೂತು ನೋಡಿದರು, ಹೊಸ ಚಪ್ಪಲಿ ಮೆಟ್ಟಿ ನೋಡುವವರ ಹಾಗೆ. ಮಂಡಿ ಮಡಿಸುವಾಗ ಚಟಕ್ಕೆಂದದ್ದು ನನಗೆ ಕೇಳಿಸಿತು.

ಡಬ್ಬಗಳನ್ನು ಮನೆಗೆ ತಂದು ಬಾಗಿಲು ಹಾಕಿಕೊಂಡು ಎಣಿಸಿದೆ. ಎರಡು ಸಲ ಎಣಿಸಿದೆ. ಗೆರೆ ಬೇಕೆಂದವರೇ ಹೆಚ್ಚಿದ್ದರು. ಹಮಾಲರಲ್ಲೂ ಸುಮಾರು ಜನ ಗೆರೆಗೇ ಹಾಕಿದ್ದಿರಬೇಕು, ಇಲ್ಲದಿದ್ದರೆ ಅಷ್ಟು ಕಾಯಿ ಬರುತ್ತಿರಲಿಲ್ಲ. ನೆನೆದ ಓಟುಗಳನ್ನು ಏನು ಮಾಡಲಿ ಎಂದು ತಿಳಿಯದೆ ಕೂತಿದ್ದಾಗ ಹೆಂಡತಿ ಬಂದು ನೋಡಿ, ನೆನೆಸಿದ್ದು ಒಳ್ಳೇದಾಯ್ತು ಎಂದು ಉಪ್ಪು ಹಾಕಿ ಬೇಯಿಸಿದಳು. ನಾನೂ ತಿಂದೆ. ರುಚಿಯಾಗಿದ್ದವು ಎಂಬುದನ್ನೂ ಮುಚ್ಚಿಡುವುದಿಲ್ಲ.

ಮೂರು ವಾರಗಳಲ್ಲಿ ಆ ನಿಯಮ ಸತ್ತುಹೋಯಿತು. ಚೆಂಡು ಗೋಲಿನ ಹತ್ತಿರ ಬಂದರೆ ಹಮಾಲರು ಗೋಣಿಚೀಲ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಉಳಿದ ನೇಕಾರರೂ ಒಬ್ಬೊಬ್ಬರಾಗಿ ನಿಲ್ಲತೊಡಗಿದರು. ನಾನು ಯಾರಿಗೂ ಏನೂ ಹೇಳಲಿಲ್ಲ, ಹೇಳುವ ಮುಖವೂ ಇರಲಿಲ್ಲ. ನಿಯಮ ಉಳಿದದ್ದು ಒಬ್ಬರಿಗೆ. ಅವರು ಪ್ರತಿ ಭಾನುವಾರ ಬಂದು ಟವೆಲ್ಲು ಹಾಸಿ ಕೂರುತ್ತಿದ್ದರು. ಓಬಳೇಶನೇ ಒಮ್ಮೆ ಅವರ ರಟ್ಟೆ ಹಿಡಿದು, ಏಳ್ರಿ ಯಜಮಾನ್ರೇ, ಯಾರು ಕೇಳ್ತಾರೆ ಎಂದ.

"ತೂಕದಾಗೆ ಸೋತೀನಪ್ಪ," ಎಂದರು ಅವರು. "ಸೀರೆ ಕಮ್ಮಿ ತೂಗಿದ್ರೆ ನೇಯ್ದೋನು ನಾಚ್ಕಬೇಕು. ತಕ್ಕಡಿ ಬೈಯಾಕಾಯ್ತದಾ?"

ಅವರು ಕೂತ ಮೇಲೆ ನನಗೆ ಮೈದಾನವೆಲ್ಲ ಚೆನ್ನಾಗಿ ಕಾಣತೊಡಗಿತು. ಚೆಂಡೂ ಕಂಡಿತು, ಕೂತ ಅವರೂ ಕಂಡರು. ವಾರವೆಲ್ಲ ಕೂರುವ ಭಂಗಿಯಲ್ಲೇ ಕೂತಿರುತ್ತಿದ್ದರು, ಕಾಲು ಮೂರನೆಯ ಮೆಟ್ಟಿಲಿಗೆ ಇಳಿಬಿಟ್ಟು. ಒಂದು ಮಾತು ಮೈಕಿನಲ್ಲಿ ಹೇಳಿದ್ದರೆ ಸಾಕಿತ್ತು. ಪ್ರತಿ ಭಾನುವಾರ ಹೇಳಬೇಕೆಂದುಕೊಂಡು ಮೈಕು ಹಿಡಿಯುತ್ತಿದ್ದೆ, ಆಟಗಾರರ ಹೆಸರು ಹೇಳಿ ಮುಗಿಸುತ್ತಿದ್ದೆ.

ಆ ವರ್ಷದ ಕೊನೆಯಲ್ಲಿ ಹೆಣ್ಣುಮಕ್ಕಳದೊಂದು ಪಂದ್ಯ ಇಟ್ಟುಕೊಂಡೆವು, ಚಳ್ಳಕೆರೆಗೂ ಮೊಳಕಾಲ್ಮುರಿಗೂ. ಅವರ ಮಗಳು ರೇಣುಕ ಆಗ ಹತ್ತನೆಯ ತರಗತಿ. ಮಗ್ಗದಲ್ಲಿ ಉಳಿದ ದಾರವನ್ನೆಲ್ಲ ಸುತ್ತಿ ಸುತ್ತಿ ಅವಳಿಗೆ ಮೊದಲ ಚೆಂಡು ಮಾಡಿಕೊಟ್ಟವರು ಅವರೇ. ಹೆಣ್ಣುಹುಡುಗಿ ಚಡ್ಡಿ ಹಾಕಿಕೊಂಡು ಆಡುವುದೇ ಎಂದು ಬೀದಿಯವರು ಕೇಳಿದರಂತೆ. ಸೀರೆ ಉಟ್ಕಂಡು ಆಡ್ಲಿ ಅಂದ್ರೆ ನೀವೇ ಒಂದು ರೇಷ್ಮೆ ಸೀರೆ ಕೊಡಿಸ್ರಿ ಎಂದು ಇವರು ಅವರ ಬಾಯಿ ಮುಚ್ಚಿಸಿದ್ದರಂತೆ. ಅಂದು ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಬಂದು ತಮ್ಮ ಜಾಗದಲ್ಲಿ ಕೂತಿದ್ದರು.

ಕೊನೆಯವರೆಗೂ ಯಾರೂ ಗೋಲು ಹೊಡೆಯಲಿಲ್ಲ. ಆಟ ಮುಗಿಯಲು ಎರಡು ನಿಮಿಷ ಇರುವಾಗ ಮೊಳಕಾಲ್ಮುರಿಗೆ ಕಾರ್ನರ್ ಸಿಕ್ಕಿತು. ಇಡೀ ಗ್ಯಾಲರಿ ಎದ್ದು ನಿಂತಿತು. ನಾನೂ ಎದ್ದೆ, ಆದರೂ ಮುಂದಿನ ತಲೆಗಳ ಸಂದಿಯಲ್ಲಿ ಏನೂ ಕಾಣಲಿಲ್ಲ. ಜನ ಹೋ ಎಂದರು. ಆ ತಂಡದ ಹುಡುಗಿಯರು ರೇಣುಕ, ರೇಣುಕ ಎಂದು ಕಿರುಚಿದರು. ಗೋಲ್, ರೇಣುಕ ಎಂದು ನಾನೂ ಕೂಗಿ ಕೆಳಗೆ ನೋಡಿದೆ.

ನಿಂತ ಜನರ ನಡುವೆ ಒಂದು ಕುಳಿಯಂತೆ ಖಾಲಿ ಜಾಗ. ಅದರೊಳಗೆ ಅವರು ಕೂತಿದ್ದರು. ಕತ್ತನ್ನು ಎಡಕ್ಕೂ ಬಲಕ್ಕೂ ಚಾಚಿ ಮುಂದಿನವರ ಕಾಲುಗಳ ಸಂದಿಯಲ್ಲಿ ಹುಡುಕುತ್ತಿದ್ದರು. ಒಂದು ಕೈಯನ್ನು ಕಲ್ಲಿಗೆ ಊರಿ ಅರ್ಧ ಎದ್ದರು. ನಾನು ನೋಡುತ್ತಿದ್ದಂತೆಯೇ ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ಕೂತರು. ಆಮೇಲೆ ನನ್ನ ಕಡೆ ತಿರುಗಿದರು. ಆಟ ನಡೆಯುವಾಗ ಅವರು ಹಿಂದಿರುಗಿ ನನ್ನ ಮುಖ ನೋಡಿದ್ದು ಅದೊಂದೇ ಸಲ.

"ರೈಟ್ರೇ, ಗೋಲಾ? ಇಲ್ಲ ನಾಯಿ ಬಂತಾ?"

"ಗೋಲು ಯಜಮಾನ್ರೇ. ನಿಮ್ ಮಗಳದೇ."

"ಯಾವ ಕಾಲಾಗೆ ಹೊಡದ್ಲು?"

ನಾನು ನೋಡಿರಲಿಲ್ಲ. ನೋಡಲಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ. "ಎಡಗಾಲು," ಎಂದೆ.

ಅವರ ಮುಖ ಅರಳಿತು. ಎಡಗಾಲಾಗೆ, ಎಡಗಾಲಾಗೆ ಎಂದು ಪಕ್ಕದವರಿಗೆಲ್ಲ ಹೇಳಿದರು. ಸಂಜೆ ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿದರಂತೆ.

ಅದಾದ ಮೇಲೂ ಅವರು ಕೆಲವು ವರ್ಷ ಬಂದರು. ಆಮೇಲೆ ಮಂಡಿ ಕೈಕೊಟ್ಟಿತು. ನಮ್ಮ ಆಟಗಳೂ ನಿಂತುಹೋದವು, ನಾನು ಮಿಲ್ಲಿನ ಕೆಲಸ ಬಿಟ್ಟೆ. ಕ್ಷಮೆ ಕೇಳಲೆಂದೇ ಮೂರು ಸಲ ಮೊಳಕಾಲ್ಮುರಿಗೆ ಹೋದೆ. ಮೊದಲ ಸಲ ಹೋದಾಗ ಅವರು ಗುಣಿಯಲ್ಲಿ ಕಾಲಿಟ್ಟು ನೇಯುತ್ತಿದ್ದರು. ಬಾಗಿಲಲ್ಲಿ ನಿಂತ ನನ್ನನ್ನು ತಲೆಯೆತ್ತಿ ನೋಡಿ, ಬರ್ರಿ ರೈಟ್ರೇ, ಕೂತ್ಕಳ್ರಿ ಎಂದು ಚಾಪೆ ಎಳೆದರು. ಯಾಕೆ ಬಂದಿರಿ ಎಂದಾಗ ನನ್ನ ಬಾಯಿಂದ ಬಂದದ್ದು, ಒಂದು ಸೀರೆ ಬೇಕಿತ್ತು. ಎರಡನೆಯ ಸಲವೂ ಸೀರೆಯೇ. ಮೂರನೆಯ ಸಲ ಕುಪ್ಪಸದ ಬಟ್ಟೆ. ನನ್ನ ಪಾಪದಿಂದ ಲಾಭವಾದದ್ದು ನನ್ನ ಹೆಂಡತಿಗೆ. ಮತ್ಯಾವಾಗ ಹೋಗ್ತೀರಿ ಮೊಳಕಾಲ್ಮುರಿಗೆ ಎಂದು ಅವಳು ಈಗಲೂ ಕೇಳುತ್ತಾಳೆ.

ಈ ವರ್ಷ ಅವರು ಹೋದ ಸುದ್ದಿಯನ್ನು ಓಬಳೇಶ ಫೋನು ಮಾಡಿ ಹೇಳಿದ. ಹನ್ನೊಂದನೆಯ ದಿನದ ಊಟಕ್ಕೆ ನಾವಿಬ್ಬರೂ ಹೋದೆವು. ರೇಣುಕ ಈಗ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರು. ನನ್ನನ್ನು ನೋಡಿ, ರೈಟರ್ ಮಾವ ಬಂದ್ರು ಎಂದು ಒಳಗೆ ಕರೆದು ಪಕ್ಕದಲ್ಲಿ ಕೂತಳು. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಇಂಗ್ಲೆಂಡಿನಲ್ಲಿ ದೊಡ್ಡ ದೊಡ್ಡ ಮೈದಾನಗಳಲ್ಲಿ ಬಹಳ ವರ್ಷ ಎಲ್ಲರೂ ಕೂತೇ ನೋಡಬೇಕೆಂದು ನಿಯಮವಿತ್ತಂತೆ. ಈಗ ಕೆಲವು ಕಡೆ ಕಂಬಿ ಹಾಕಿ, ನಿಲ್ಲುವವರಿಗೆ ಒಂದು ಕಡೆ, ಕೂರುವವರಿಗೆ ಇನ್ನೊಂದು ಕಡೆ ಮಾಡಿದ್ದಾರೆ. ಬೇಕಾದವರು ಬೇಕಾದ ಕಡೆಗೆ ಹೋಗಬಹುದು. ಕಂಬಿ ಹಿಡಿದು ನಿಂತ ಸಾವಿರಾರು ಜನ ಹಾಡುತ್ತಿದ್ದರು.

"ಅಪ್ಪಂಗೆ ಇದನ್ನ ತೋರ್ಸಿದ್ದೆ ಮಾವ," ಎಂದಳು. "ನಿನ್ ಗೆರೇನೇ ಅಲ್ವೇನಪ್ಪ ಇದು ಅಂದೆ. ಸುಮಾರೊತ್ತು ನೋಡ್ದ. ಆಮ್ಯಾಲೆ, ಅವ್ರಲ್ಲಿ ಜನಕ್ಕೆ ಬೇಕಾಗಿತ್ತು ಕಣಮ್ಮ, ಆಗೈತೆ. ನಮ್ ಜನಕ್ಕೆ ಬೇಡಾಗಿತ್ತು ಅಂದ. ಅಷ್ಟೇ."

ನಾನು ಲೋಟದೊಳಗಿನ ನೀರನ್ನು ನೋಡುತ್ತಾ ಕೂತೆ. ಅವಳು ನಕ್ಕು, ಇನ್ನೊಂದು ಮಾತು ಹೇಳಿದಳು. ಆ ಗೋಲನ್ನು ಅವಳು ಹೊಡೆದದ್ದು ತಲೆಯಿಂದ. ಅಪ್ಪ ಮಾತ್ರ ಸಾಯುವವರೆಗೂ ಬಂದವರಿಗೆಲ್ಲ ಎಡಗಾಲು ಎನ್ನುತ್ತಿದ್ದ, ಇವಳೂ ಹೂಂ ಎನ್ನುತ್ತಿದ್ದಳಂತೆ. ಅಪ್ಪ ಆ ಗೋಲನ್ನು ನೋಡಿಲ್ಲ ಎಂದು ಅವಳಿಗೆ ಅಂದೇ ತಿಳಿದಿತ್ತು.

"ಅವತ್ತು ಎಲ್ರೂ ಎದ್ದು ನಿಂತಿದ್ರಂತೆ. ಅಪ್ಪ ಒಬ್ನೇ ಯಾಕೆ ಏಳ್ಲಿಲ್ಲ ಮಾವ? ನೀವು ಅಲ್ಲೇ ಇದ್ರಲ್ಲ."

ಓಬಳೇಶ ನನ್ನ ಮುಖ ನೋಡಿದ. ಅವನಿಗೂ ಏನೂ ಗೊತ್ತಿಲ್ಲ.

"ಮಂಡಿ ನೋವಿತ್ತಲ್ಲಮ್ಮ," ಎಂದೆ. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಸಂಜೆಯ ಬಸ್ಸಿಗೆ ಬಂದುಬಿಟ್ಟೆ.

ಮಂಡಿ ನೋವಲ್ಲ ರೇಣುಕ. ಆ ದಿನ ನಿಮ್ಮಪ್ಪನಿಗೆ ಎದ್ದು ನಿಲ್ಲುವ ಹಕ್ಕಿತ್ತು, ಜನ ಕೊಟ್ಟಿದ್ದರು. ಅದನ್ನು ಒಂದು ಚೊಂಬು ನೀರು ಹಾಕಿ ಕಿತ್ತುಕೊಂಡವನು ನಾನು. ನಮ್ಮ ಜನಕ್ಕೆ ಬೇಡಾಗಿತ್ತು ಎಂದು ನಂಬಿಕೊಂಡೇ ಅವರು ಹೋದರು. ಅದು ಸುಳ್ಳು. ಮೈಕಿನಲ್ಲಿ ಹೇಳಬೇಕಾಗಿದ್ದನ್ನು ಈಗ ಇಲ್ಲಿ ಹೇಳುತ್ತಿದ್ದೇನೆ. ಗೆರೆ ಬೇಕು ಎಂದವರು ನೂರ ಮೂವತ್ತೊಂದು. ಎಲ್ಲರೂ ಕೂರಬೇಕು ಎಂದವರು ನೂರ ಇಪ್ಪತ್ತು. ಹನ್ನೊಂದು ಕಾಯಿಯಿಂದ ಗೆದ್ದವರು ಮೊಳಕಾಲ್ಮುರಿನ ನೇಕಾರರು, ನಾಗಲಿಂಗಪ್ಪನವರು.